ಎಲ್ಲರ ಪಾಲಿಗೆ ಬಂದ ಆರು

ಚೌಕಾಬಾರ ಆಡುವವರ ಮನೆಗೆ ಹೊಸದಾಗಿ ಹೋದರೆ ಕವಡೆ ಕೈಗೆತ್ತಿಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು: ‘ನಿಮ್ಮನೇಲಿ ಹೊಡೀದೆ ಒಳಗೆ ಹೋಗ್ಬಹುದಾ?’ ನೆಲದ ಮೇಲೆ ಗೆರೆ ಎಳೆದು ಇಪ್ಪತ್ತೈದು ಮನೆ ಮಾಡುವುದು, ನಾಲ್ಕು ಕವಡೆ ಚೆಲ್ಲುವುದು, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಇಷ್ಟು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಆದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯಬಹುದೇ, ಜೋಡಿ ಕಾಯಿಯನ್ನು ಒಂಟಿ ಕಾಯಿ ಹೊಡೆಯಬಹುದೇ, ಇವೆಲ್ಲ ಮನೆಯಿಂದ ಮನೆಗೆ ಬೇರೆ. ಇದಕ್ಕೆ ಅಚ್ಚಾದ ಪುಸ್ತಕವಿಲ್ಲ. ಆ ಮನೆಯ ಅಜ್ಜಿ ಹೇಳಿದ್ದೇ ಕಾನೂನು. ‘ನಮ್ಮನೇಲಿ ಹಿಂಗೆ’ ಅಂದರೆ ಮುಗಿಯಿತು.

ಪುಸ್ತಕವಿರುವ ಆಟದಲ್ಲೂ ಈ ‘ನಮ್ಮನೇಲಿ ಹಿಂಗೆ’ ತಪ್ಪುವುದಿಲ್ಲ. ನಾನು ಹೇಳಹೊರಟಿರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ ಬಗ್ಗೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಮೂರು ಸಣ್ಣ ಪುಸ್ತಿಕೆಗಳಲ್ಲಿ ಹೊರತಂದರು. ಆಡಿ ಗೊತ್ತಿಲ್ಲದವರಿಗೆ ಸರಳವಾಗಿ ಹೇಳುವುದಾದರೆ, ಇದು ನಾಲ್ಕೈದು ಜನ ಸುತ್ತ ಕೂತು ಬಾಯಲ್ಲೇ ಕಟ್ಟುವ ಕಥೆ. ಒಬ್ಬರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಅವರು ಊರು, ಕಾಡು, ದೆವ್ವ, ದರೋಡೆಕೋರರನ್ನೆಲ್ಲ ನಡೆಸುತ್ತಾರೆ. ಉಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಪಾತ್ರ ಏನು ಮಾಡಲು ಹೊರಟಿದೆ ಎಂದು ಆಟಗಾರ ಹೇಳುತ್ತಾನೆ, ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆ ನೋಡಿದವರಿಗೆ ಇದು ಅಷ್ಟೇನೂ ದೂರದ್ದು ಅನ್ನಿಸಲಾರದು. ಅಲ್ಲಿ ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ಯುದ್ಧ ಮಾಡುತ್ತಾರೆ. ಇಲ್ಲಿ ಜೊತೆಗೆ ದಾಳವೂ ಇದೆ.

ಆಟ ಶುರುವಾಗುವ ಮೊದಲು ಪಾತ್ರವನ್ನು ಹುಟ್ಟಿಸಬೇಕು. ಪ್ರತಿ ಪಾತ್ರಕ್ಕೂ ಆರು ಗುಣಗಳು: ಬಲ, ಚುರುಕು, ದೇಹದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು. ಒಂದೊಂದಕ್ಕೂ ಒಂದು ಅಂಕ. ಹತ್ತು ಬಂದರೆ ಸಾಧಾರಣ. ಹದಿನೆಂಟು ಬಂದರೆ ಅಸಾಧಾರಣ. ಈ ಅಂಕಗಳು ಎಲ್ಲಿಂದ ಬರಬೇಕು ಎಂಬ ಒಂದೇ ಪ್ರಶ್ನೆಯ ಮೇಲೆ ನಮ್ಮ ಹಾಸ್ಟೆಲಿನ ಆರು ಜನ ಮೂರು ವಾರ ಜಗಳವಾಡಿದೆವು. ನಡುವೆ ಒಂದು ವಾರ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಾವು ಆರೂ ಜನ ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದವರು. ಡಿಎಂ ಆಗಿದ್ದವಳು ಮಂಗಳೂರು ಕಡೆಯವಳು, ಗಣಿತದ ವಿಭಾಗ. ಕೊಪ್ಪಳ ಜಿಲ್ಲೆಯ ಗೆಳೆಯ ರಸಾಯನಶಾಸ್ತ್ರ. ಮೈಸೂರಿನವನು ಕಂಪ್ಯೂಟರ್ ಸೈನ್ಸ್. ಮತ್ತೊಬ್ಬ ಅರ್ಥಶಾಸ್ತ್ರದವನು, ಮಾತು ಕಡಿಮೆ, ಲೆಕ್ಕ ಜಾಸ್ತಿ. ಆಗಷ್ಟೇ ಸೇರಿದ್ದ ಚಿಕ್ಕಮಗಳೂರಿನ ಜೂನಿಯರ್ ಹುಡುಗಿ ಒಬ್ಬಳು. ನಾನು ಇತಿಹಾಸದವಳು. ಶನಿವಾರ ಮೆಸ್ಸಿನಲ್ಲಿ ಊಟ ಮುಗಿದ ಮೇಲೆ ಟೇಬಲ್ ಒರೆಸಿಕೊಂಡು ಕೂರುತ್ತಿದ್ದೆವು. ಡಿಎಂ ಹತ್ತಿರ 2014ರಲ್ಲಿ ಬಂದ ಐದನೇ ಆವೃತ್ತಿಯ ಕೈಪಿಡಿಯ ಹಳೆಯ ಪ್ರತಿಯೊಂದಿತ್ತು. ಉಳಿದವರದೆಲ್ಲ ಜೆರಾಕ್ಸ್.

ಆ ಪುಸ್ತಕದ ಪ್ರಕಾರ ಅಂಕ ಪಡೆಯಲು ಮೂರು ದಾರಿಗಳಿವೆ. ಮೊದಲನೆಯದು ದಾಳ. ಆರು ಮುಖದ ನಾಲ್ಕು ದಾಳ ಎಸೆದು, ಅತಿ ಕಡಿಮೆ ಬಿದ್ದದ್ದನ್ನು ತೆಗೆದುಹಾಕಿ, ಉಳಿದ ಮೂರನ್ನು ಕೂಡಿಸಬೇಕು. ಹೀಗೆ ಆರು ಸಲ. ಬಂದ ಆರು ಅಂಕಗಳನ್ನು ಬೇಕಾದ ಗುಣಕ್ಕೆ ಹಂಚಿಕೊಳ್ಳಬಹುದು. ಎರಡನೆಯದು ಸಿದ್ಧ ಅಂಕಗಳು: 15, 14, 13, 12, 10, 8. ಎಲ್ಲರಿಗೂ ಇವೇ ಆರು. ಮೂರನೆಯದು ಖರೀದಿ. ಪ್ರತಿಯೊಬ್ಬರಿಗೂ 27 ಪಾಯಿಂಟು. ಎಲ್ಲ ಗುಣವೂ 8ರಿಂದ ಶುರು. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದು ಪಾಯಿಂಟು, ಅಲ್ಲಿಂದ 14ಕ್ಕೂ 15ಕ್ಕೂ ಎರಡೆರಡು. ಹದಿನೈದರ ಮೇಲೆ ಕೊಳ್ಳುವ ಹಾಗಿಲ್ಲ.

1974ರ ಮೂಲ ಆಟದಲ್ಲಿ ಇಷ್ಟು ದಾಕ್ಷಿಣ್ಯವೂ ಇರಲಿಲ್ಲ. ಮೂರೇ ದಾಳ, ಬಿದ್ದ ಕ್ರಮದಲ್ಲೇ ಬರೆದುಕೊಳ್ಳಬೇಕು. ಮಂತ್ರವಾದಿಯಾಗಬೇಕೆಂದು ಆಸೆಪಟ್ಟವನಿಗೆ ಬುದ್ಧಿ ಐದು ಬಿದ್ದರೆ ಅವನು ಬೇರೆ ಕಸುಬು ನೋಡಿಕೊಳ್ಳಬೇಕು. ಅದೇ ದಶಕದಲ್ಲಿ, 1977ರಲ್ಲಿ ಬಂದ ಟ್ರ್ಯಾವೆಲರ್ ಎಂಬ ಇನ್ನೊಂದು ಆಟದಲ್ಲಂತೂ ಪಾತ್ರ ಹುಟ್ಟಿಸುವ ಹಂತದಲ್ಲೇ, ಅಂದರೆ ಆಟ ಶುರುವಾಗುವ ಮೊದಲೇ, ಪಾತ್ರ ಸಾಯಬಹುದಿತ್ತು.

ಮೈಸೂರಿನವನು ಮೊದಲ ದಿನವೇ ಖರೀದಿಯ ಪರ ನಿಂತ. ‘ಲೋ, ವಾರಕ್ಕೊಂದಿನ ಸಿಗೋದು ಆಟಕ್ಕೆ. ಎಂಟು ತಿಂಗಳು ನಡಿಯೋ ಕಥೇಲಿ ಮೊದಲನೇ ದಿನ ಕೆಟ್ಟ ದಾಳ ಬಿತ್ತು ಅಂತ ನಾನ್ಯಾಕೆ ಕೊನೇವರ್ಗೂ ದಂಡ ಕಟ್ಬೇಕು? ಎಲ್ರಿಗೂ 27. ಎಲ್ರೂ ಸಮ. ಇದಕ್ಕಿಂತ ನ್ಯಾಯ ಬೇಕಾ?’

ಕೇಳಿದರೆ ಸರಿಯೇ ಅನ್ನಿಸುತ್ತದೆ. ನಾಲ್ಕು ದಾಳದ ಪದ್ಧತಿಯಲ್ಲಿ ಒಂದು ಅಂಕದ ಸರಾಸರಿ 12.24. ಅದು ಸರಾಸರಿ ಮಾತ್ರ. ಒಬ್ಬನಿಗೆ ಆರರಲ್ಲಿ ಎರಡು ಹದಿನೇಳು ಬಿದ್ದು, ಪಕ್ಕದವನಿಗೆ ಹದಿಮೂರರ ಮೇಲೆ ಒಂದೂ ಬೀಳದಿದ್ದರೆ ಎಂಟು ತಿಂಗಳ ಕಥೆಯಲ್ಲಿ ಒಬ್ಬ ನಾಯಕ, ಇನ್ನೊಬ್ಬ ಚೀಲ ಹೊರುವವ. ಒಮ್ಮೆ ಎಸೆದಾಗ ಹದಿನೆಂಟು ಬೀಳುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಆರು ಅಂಕಗಳಲ್ಲಿ ಒಂದಾದರೂ ಹದಿನೆಂಟು ಸಿಗುವ ಅದೃಷ್ಟ ಸುಮಾರು ಹನ್ನೊಂದು ಜನರಲ್ಲಿ ಒಬ್ಬರಿಗೆ. ಈ ಲೆಕ್ಕವನ್ನೆಲ್ಲ ಮಾಡಿಕೊಟ್ಟವಳು ನಮ್ಮ ಡಿಎಂ, ಮೆಸ್ಸಿನ ಟಿಶ್ಯೂ ಪೇಪರಿನ ಮೇಲೆ.

ಖರೀದಿಯನ್ನು ಕೊಪ್ಪಳದವನೂ ಬಯಸುತ್ತಾನೆ ಎಂದು ನಾವೆಲ್ಲ ಎಣಿಸಿದ್ದೆವು. ಅವನ ಅಪ್ಪ ಅವ್ವ ಕೂಲಿಗೆ ಹೋಗುವವರು. ಆ ಮನೆಯಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಮನುಷ್ಯ ಅವನು. ಎಲ್ಲರೂ ಒಂದೇ ಗೆರೆಯಿಂದ ಓಡಲಿ ಎನ್ನುವುದು ಅವನ ಬಾಯಿಂದ ಬರಬೇಕಾದ ಮಾತು. ಅವನು ಹೇಳಿದ್ದೇ ಬೇರೆ.

‘ನನಗ ದಾಳ ಇರ್ಲಿ. ಮೂರ ದಾಳ, ಬಿದ್ದ ಹಂಗ. ದಾಳ ಎಲ್ಲಾರ ಮುಂದ ಬೀಳ್ತೈತಿ. ಹದಿನೆಂಟು ಬಿದ್ರ ಇವಗ ಯಾರೋ ಕೊಟ್ರು ಅನ್ನೂ ಹಂಗಿಲ್ಲ. ಮೂರು ಬಿದ್ರ ಇವನ ಯೋಗ್ಯತಾ ಇಷ್ಟ ಅನ್ನೂ ಹಂಗೂ ಇಲ್ಲ.’

ಅವನು ಎಂಎಸ್ಸಿ ಓದುವಾಗ ಲ್ಯಾಬಿನಲ್ಲಿ ಯಾರೋ ಒಬ್ಬರು, ಅವನಿಗೆ ಸೀಟು ಹೇಗೆ ಸಿಕ್ಕಿತು ಎಂಬ ಬಗ್ಗೆ ಅವನಿಗೆ ಕೇಳಿಸುವ ಹಾಗೆಯೇ ಮಾತಾಡಿದ್ದರಂತೆ. ಅದನ್ನು ಅವನು ನಮಗೆ ಮೊದಲೇ ಹೇಳಿದ್ದ. ಹಾಗಾಗಿ ‘ಯಾರೋ ಕೊಟ್ರು’ ಎಂಬ ಎರಡು ಪದ ಟೇಬಲ್ಲಿನ ಮೇಲೆ ಬಿದ್ದಾಗ ಆಟದ ಮಾತು ಮಾತ್ರ ಆಗಿ ಉಳಿಯಲಿಲ್ಲ.

ಡಿಎಂ ಮೂರನೆಯ ದಿಕ್ಕಿನಿಂದ ಬಂದಳು. ‘ಒಂದೇ ದುಡ್ಡು ಕೊಟ್ಟ ಕೂಡ್ಲೇ ಎಲ್ಲ ಸಮ ಆಯ್ತಾ ಮಾರಾಯ? ಅಂಗಡಿಯಲ್ಲಿ ಯಾವ್ದು ಲಾಭ, ಯಾವ್ದು ಲಾಸು ಅಂತ ಗೊತ್ತಿರುವವನಿಗೆ ಅದೇ 27ರಲ್ಲಿ ಜಾಸ್ತಿ ಬರ್ತದೆ.’ ಎಂದವಳೇ ಮೈಸೂರಿನವನಿಗೂ ಜೂನಿಯರ್ ಹುಡುಗಿಗೂ ಒಂದೊಂದು ಹಾಳೆ ಕೊಟ್ಟು ಪಾತ್ರ ಮಾಡಿಕೊಂಡು ಬರಲು ಹೇಳಿದಳು.

ಮೈಸೂರಿನವನು ತಂದದ್ದು 15, 15, 13, 12, 8, 8. ಹುಡುಗಿ ತಂದದ್ದು 13, 13, 13, 12, 12, 12. ಎರಡೂ ಸರಿಯಾಗಿ 27. ಯಾವುದರಲ್ಲೂ ತೀರಾ ಹಿಂದೆ ಬೀಳುವುದು ಬೇಡ ಎಂದು ಅವಳು ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಹಾಕಿದ್ದಳು. ಆದರೆ ಈ ಆಟದಲ್ಲಿ ದಾಳಕ್ಕೆ ಸೇರುವುದು ಅಂಕವಲ್ಲ, ಅಂಕದಿಂದ ಬರುವ ಹೆಚ್ಚುವರಿ. ಎರಡಂಕಕ್ಕೊಮ್ಮೆ ಅದು ಒಂದು ಏರುತ್ತದೆ. 12ಕ್ಕೂ 13ಕ್ಕೂ ಸಿಗುವ ಹೆಚ್ಚುವರಿ ಒಂದೇ. ಅಂದರೆ ಅವಳು ಮೂರು ಪಾಯಿಂಟು ಸುಮ್ಮನೆ ಚೆಲ್ಲಿದ್ದಳು. ತಾನು ಬಳಸದ ಗುಣವನ್ನು ಎಂಟಕ್ಕೆ ಬಿಟ್ಟು ಬಳಸುವುದನ್ನು ತುಂಬಿಸಿಕೊಳ್ಳಬೇಕು ಎಂಬುದು ಹತ್ತು ಸಲ ಆಡಿದವರಿಗೆ ಮಾತ್ರ ಗೊತ್ತಿರುವ ವಿಷಯ.

ಸಿಇಟಿ ಕೌನ್ಸೆಲಿಂಗಿನ ಆಪ್ಷನ್ ಎಂಟ್ರಿ ಮಾಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲ್ಲರಿಗೂ ಅದೇ ಫಾರಂ, ಅದೇ ಕೊನೆಯ ದಿನಾಂಕ. ಆದರೆ ಯಾವ ಕಾಲೇಜನ್ನು ಮೇಲೆ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಹೇಳಿಕೊಡುವ ಚಿಕ್ಕಪ್ಪನೊಬ್ಬ ಮನೆಯಲ್ಲಿ ಇದ್ದವರ ಫಾರಂ ಬೇರೆ, ಸೈಬರ್ ಸೆಂಟರಿನಲ್ಲಿ ಒಬ್ಬರೇ ಕೂತು ತುಂಬಿದವರ ಫಾರಂ ಬೇರೆ. ನಿಯಮ ಒಂದೇ ಇದ್ದರೂ ಅದನ್ನು ಓದಲು ಬರುವವರು ಒಂದೇ ಸಮ ಇರುವುದಿಲ್ಲ.

ಈ ಜಗಳದ ಜೊತೆಗೆ ಇನ್ನೊಂದು ಸೇರಿಕೊಂಡಿತು. ಕೊಪ್ಪಳದವನಿಗೆ ಓರ್ಕ್ ರಕ್ತದ ಮಂತ್ರವಾದಿಯಾಗುವ ಆಸೆ. ಓರ್ಕ್ ಅಂದರೆ ಈ ಕಥೆಗಳಲ್ಲಿ ದೈತ್ಯ ದೇಹದ, ಒರಟು ಜನ. 2014ರ ಪುಸ್ತಕದಲ್ಲಿ ಕುಲಕ್ಕೊಂದು ಉಂಬಳಿ ಇದೆ. ಅರೆ-ಓರ್ಕ್ ಆದರೆ ಬಲಕ್ಕೆ ಎರಡು, ದೇಹದಾರ್ಢ್ಯಕ್ಕೆ ಒಂದು ಸೇರುತ್ತದೆ. ಹೈ ಎಲ್ಫ್ ಆದರೆ ಚುರುಕಿಗೆ ಎರಡು, ಬುದ್ಧಿಗೆ ಒಂದು. ಮಂತ್ರವಾದಿಗೆ ಬೇಕಾದದ್ದು ಬುದ್ಧಿ. ಅರೆ-ಓರ್ಕ್ ಮಂತ್ರ ಕಲಿಯಬಾರದು ಎಂದು ಪುಸ್ತಕ ಎಲ್ಲೂ ಹೇಳುವುದಿಲ್ಲ. ಖರೀದಿ ಪದ್ಧತಿಯಲ್ಲಿ ಎಲ್ಫ್ 16ರಿಂದ ಹೊರಟರೆ ಅರೆ-ಓರ್ಕ್ 15ರಿಂದ ಹೊರಡುತ್ತಾನೆ, ಅಷ್ಟೇ. ಹೆಚ್ಚುವರಿಯಲ್ಲಿ ಒಂದರ ವ್ಯತ್ಯಾಸ. ಇಪ್ಪತ್ತು ಮುಖದ ದಾಳದಲ್ಲಿ ಒಂದು ಅಂದರೆ ನೂರಕ್ಕೆ ಐದು.

‘ಬರೀ ಐದು ಪರ್ಸೆಂಟ್ ಕಣೋ,’ ಎಂದ ಮೈಸೂರಿನವನು.

‘ಹೌದು, ಐದ. ಆದ್ರ ದಾಳ ಹಾಕಿದಾಗೆಲ್ಲಾ ಐದು,’ ಎಂದ ಇವನು.

ಆಟದ ನಿಯಮಗಳು ಆಕಾಶದಿಂದ ಇಳಿದಿಲ್ಲ ಎನ್ನುವುದಕ್ಕೆ ಈ ಆಟದ ಇತಿಹಾಸವೇ ಸಾಕ್ಷಿ. 1978ರಲ್ಲಿ ಬಂದ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೈಪಿಡಿಯಲ್ಲಿ ಹೆಣ್ಣು ಪಾತ್ರದ ಬಲಕ್ಕೆ ಗಂಡು ಪಾತ್ರಕ್ಕಿಂತ ಕೆಳಗೆ ಒಂದು ಮಿತಿ ಇತ್ತು. ಡ್ರ್ಯಾಗನ್ ಬೆಂಕಿ ಉಗುಳುವುದನ್ನು ಒಪ್ಪಿಕೊಳ್ಳುವ ಪುಸ್ತಕಕ್ಕೆ ಬಲಶಾಲಿ ಹೆಂಗಸನ್ನು ಒಪ್ಪುವುದು ಕಷ್ಟವಾಗಿತ್ತು. ಮುಂದಿನ ಆವೃತ್ತಿಗಳಲ್ಲಿ ಅದು ಹೋಯಿತು. ಕುಲದ ಉಂಬಳಿಯೂ ಹಾಗೆಯೇ. 2020ರಲ್ಲಿ ಬಂದ ಒಂದು ಪೂರಕ ಪುಸ್ತಕ, ಆ ಅಂಕಗಳನ್ನು ಆಟಗಾರ ತನಗೆ ಬೇಕಾದ ಗುಣಕ್ಕೆ ಸರಿಸಿಕೊಳ್ಳಬಹುದು ಎಂದಿತು. 2024ರ ಹೊಸ ಕೈಪಿಡಿಯಲ್ಲಿ ‘ರೇಸ್’ ಎಂಬ ಪದವನ್ನೇ ಕೈಬಿಟ್ಟು ‘ಸ್ಪೀಶೀಸ್’ ಎಂದು ಮಾಡಿದರು. ಹೆಚ್ಚುವರಿ ಅಂಕ ಈಗ ಕುಲಕ್ಕಲ್ಲ, ಪಾತ್ರ ಬೆಳೆದ ಹಿನ್ನೆಲೆಗೆ ಸೇರಿದ್ದು. ಪುಸ್ತಕ ಬದಲಾಗುವ ಎಷ್ಟೋ ಮೊದಲೇ ಟೇಬಲ್ಲುಗಳಲ್ಲಿ ಜನ ‘ನಮ್ಮನೇಲಿ ಹಿಂಗೆ’ ಎಂದು ಬದಲಿಸಿಕೊಂಡು ಆಡುತ್ತಿದ್ದರು.

ಎರಡನೆಯ ಶನಿವಾರ ಮಾತು ಕೈಮೀರಿತು. ಮೈಸೂರಿನವನು, ಕೆಟ್ಟವನೇನಲ್ಲ, ಸುಸ್ತಾಗಿದ್ದವನು, ‘ಇದು ಆಟ ಕಣೋ. ಇಲ್ಲೂ ಅದನ್ನೆಲ್ಲ ತರ್ಬೇಡ’ ಅಂದುಬಿಟ್ಟ. ‘ಅದನ್ನೆಲ್ಲ’ ಅಂದರೆ ಏನು ಎಂದು ಯಾರೂ ಕೇಳಲಿಲ್ಲ. ಕೊಪ್ಪಳದವನು ತನ್ನ ಹಾಳೆ ಮಡಚಿ ಜೇಬಿಗಿಟ್ಟುಕೊಂಡು, ಲೋಟ ತೊಳೆದಿಟ್ಟು ಹೋದ. ಮರುವಾರ ಆಟ ಇರಲಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಕೂಡ ಇರಲಿಲ್ಲ.

ಆ ವಾರವೆಲ್ಲ ನಾನು ಕಡತಗಳ ಮುಂದಿದ್ದೆ. ನನ್ನ ಸಂಶೋಧನೆ ಮೈಸೂರು ಸಂಸ್ಥಾನದ ವಿದ್ಯಾರ್ಥಿವೇತನಗಳ ಬಗ್ಗೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿದರು. ಸರ್ಕಾರಿ ಹುದ್ದೆಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ, ಉಳಿದವರಿಗೂ ಪಾಲು ಬೇಕು ಎಂಬ ಬೇಡಿಕೆ ಅದರ ಹಿಂದಿತ್ತು. 1919ರಲ್ಲಿ ಬಂದ ವರದಿ ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು, ಓದಿಗೆ ನೆರವು ಎರಡನ್ನೂ ಶಿಫಾರಸು ಮಾಡಿತು. ದಿವಾನ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆಯಿರಲಿಲ್ಲ. ಅರ್ಹತೆಗೆ ಧಕ್ಕೆ ಬಂದೀತು ಎಂಬುದು ಅವರ ಆತಂಕ. ಆ ಹೊತ್ತಿನಲ್ಲೇ ಅವರು ದಿವಾನಗಿರಿಯಿಂದ ಇಳಿದರು. ನೂರು ವರ್ಷ ದಾಟಿದರೂ ಈ ವಾದದ ಎರಡೂ ಬದಿಯ ಮಾತುಗಳು ಹಳತಾಗಿಲ್ಲ. ನಮ್ಮ ಮೆಸ್ಸಿನ ಟೇಬಲ್ಲಿನಲ್ಲಿ ಅವೇ ಮಾತುಗಳು ಓರ್ಕ್ ವೇಷ ಹಾಕಿಕೊಂಡು ಬಂದು ಕೂತಿದ್ದವು. ‘ಅದನ್ನೆಲ್ಲ’ ಯಾರೂ ತಂದಿರಲಿಲ್ಲ. ಯಾರು ಎಲ್ಲಿಂದ ಶುರುಮಾಡಬೇಕು ಎಂಬ ಪ್ರಶ್ನೆ ಇದ್ದ ಕಡೆ ಅದು ತಾನಾಗಿ ಬರುತ್ತದೆ.

ದಾಳದ ಜಗಳ ನಮಗೆ ಹೊಸದೂ ಅಲ್ಲ. ಮಹಾಭಾರತದ ಸಭೆಯಲ್ಲಿ ಒಡ್ಡುವವನು ದುರ್ಯೋಧನ, ದಾಳ ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯೇ ಎಂಬ ತಕರಾರು ಧರ್ಮರಾಯನ ಬಾಯಲ್ಲಿ ಬಂದರೂ ಆಟ ಮುಂದುವರಿಯುತ್ತದೆ. ಕೊನೆಗೆ ದ್ರೌಪದಿ ಕೇಳಿದ್ದೂ ಒಂದು ರೀತಿಯಲ್ಲಿ ನಿಯಮದ ಪ್ರಶ್ನೆಯೇ. ತನ್ನನ್ನು ತಾನೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಹಕ್ಕು ಉಳಿದಿತ್ತೇ? ಅಷ್ಟು ದೊಡ್ಡ ಸಭೆಯಲ್ಲಿ ಅದಕ್ಕೆ ನೇರ ಉತ್ತರ ಸಿಗಲಿಲ್ಲ. ದಾಳ ಕೈಗೆತ್ತಿಕೊಳ್ಳುವ ಮೊದಲು ಕೂತು ಮಾತಾಡಿ ಮುಗಿಸಬೇಕಾದ್ದನ್ನು ಮಾತಾಡದೆ ಬಿಟ್ಟರೆ, ಅದರ ಬೆಲೆ ಕಟ್ಟುವವರು ಆಟಕ್ಕೆ ಕೂತವರೇ ಆಗಿರಬೇಕೆಂದಿಲ್ಲ. ಈಗಿನ ಆಟಗಾರರು ಈ ಮೊದಲ ಮಾತುಕತೆಯನ್ನು ‘ಸೆಷನ್ ಝೀರೋ’ ಅನ್ನುತ್ತಾರೆ. ಹೆಸರು ಹೊಸದು.

ಮೂರನೆಯ ಶನಿವಾರ ಎಲ್ಲರನ್ನೂ ಕರೆದವನು ಅರ್ಥಶಾಸ್ತ್ರದವನು. ಚಹಾ ತರಿಸಿದ. ಆಮೇಲೆ ಜಾನ್ ರಾಲ್ಸ್ ಹೆಸರು ತೆಗೆದ. ರಾಲ್ಸ್ 1971ರ ತನ್ನ ಪುಸ್ತಕದಲ್ಲಿ ಒಂದು ಊಹೆಯನ್ನು ಮುಂದಿಡುತ್ತಾನೆ: ಸಮಾಜದ ನಿಯಮ ಮಾಡುವವರಿಗೆ ತಾವು ಅದರಲ್ಲಿ ಬಡವರೋ ಶ್ರೀಮಂತರೋ, ಚುರುಕಿನವರೋ ಮಂದರೋ ಎಂಬುದು ಗೊತ್ತಿಲ್ಲದೆ ಹೋದರೆ ಅವರು ಎಂಥ ನಿಯಮ ಮಾಡಿಯಾರು? ಇವನ ಪ್ರಸ್ತಾಪ ಇದು. ‘ಆರು ಗುಣ. ನಾವೂ ಆರು ಜನ. ಒಬ್ಬೊಬ್ಬರು ಒಂದೊಂದೇ ಸಲ ದಾಳ ಹಾಕೋಣ. ಬಂದ ಆರೂ ಅಂಕ ಎಲ್ಲರಿಗೂ. ಒಳ್ಳೇದು ಬಿದ್ರೂ ಎಲ್ಲರಿಗೆ, ಕೆಟ್ಟದ್ದು ಬಿದ್ರೂ ಎಲ್ಲರಿಗೆ. ಯಾವುದನ್ನ ಎಲ್ಲಿಡಬೇಕು ಅನ್ನೋದು ಅವರವರ ಇಷ್ಟ. ಕುಲದ ಅಂಕ 2020ರ ಪುಸ್ತಕದ ಹಾಗೆ, ಬೇಕಾದ ಕಡೆ ಹಾಕ್ಕೊಳ್ಳಿ.’

ದಾಳ ಬೇಕೆಂದವನಿಗೆ ದಾಳ ಸಿಕ್ಕಿತು. ಸಮ ಇರಲಿ ಎಂದವನಿಗೆ ಸಮ ಸಿಕ್ಕಿತು. ಬೆಲೆಪಟ್ಟಿ ಬಾಯಿಪಾಠ ಮಾಡಿಕೊಂಡವನಿಗೆ ಸಿಗುತ್ತಿದ್ದ ಲಾಭ ಬಹಳಷ್ಟು ಕಡಿಮೆಯಾಯಿತು. ಮೈಸೂರಿನವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಪ್ಪಳದವನ ಕಡೆ ತಿರುಗಿ, ‘ನೀನು ಮೊದಲು ಹಾಕೋ’ ಎಂದ. ಅವರಿಬ್ಬರ ನಡುವೆ ಅಷ್ಟೇ ಮಾತು ನಡೆದದ್ದು. ಅದಕ್ಕಿಂತ ಹೆಚ್ಚಿನ ಕ್ಷಮಾಪಣೆಯನ್ನು ಗಂಡುಹುಡುಗರ ಹಾಸ್ಟೆಲ್ಲಿನಲ್ಲಿ ನಿರೀಕ್ಷಿಸುವಂತಿಲ್ಲ ಎಂದು ಡಿಎಂ ಆಮೇಲೆ ನನ್ನ ಕಿವಿಯಲ್ಲಿ ಹೇಳಿದಳು.

ಅವನಿಗೆ 13 ಬಿತ್ತು. ಮೈಸೂರಿನವನಿಗೆ 15. ನನಗೆ 12. ಡಿಎಂಗೆ 10, ‘ಗಣಿತದವರಿಗೆ ಸರಾಸರಿಯೇ ಗತಿ’ ಎಂದಳು. ಅರ್ಥಶಾಸ್ತ್ರದವನಿಗೆ 16 ಬಿದ್ದಾಗ ಎಲ್ಲರೂ ಟೇಬಲ್ ಬಡಿದೆವು. ಕೊನೆಯದು ಜೂನಿಯರ್ ಹುಡುಗಿಯದು. ಅವಳು ಎರಡೂ ಕೈಯಲ್ಲಿ ದಾಳ ಕುಲುಕಿ ಕಣ್ಣುಮುಚ್ಚಿ ಎಸೆದಳು. ಒಂದು, ಒಂದು, ಎರಡು, ಮೂರು. ಕಡಿಮೆಯದನ್ನು ತೆಗೆದರೆ ಆರು.

ನಾಲ್ಕು ದಾಳದ ಪದ್ಧತಿಯಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಬೀಳುವುದು 36 ಸಲಕ್ಕೊಮ್ಮೆ. ಆಗ ಆ ಲೆಕ್ಕ ಯಾರಿಗೆ ಬೇಕಿತ್ತು? ಹುಡುಗಿಯ ಮುಖ ಕೆಂಪಾಯಿತು. ‘ಸಾರಿ ಅಕ್ಕ, ಸಾರಿ ಅಣ್ಣ, ಇನ್ನೊಂದ್ಸಲ ಹಾಕ್ಲಾ?’ ಮೈಸೂರಿನವನು ಹಾಕಲಿ ಬಿಡಿ ಎನ್ನುವ ಹಾಗೆ ನಮ್ಮನ್ನೆಲ್ಲ ನೋಡಿದ. ನಿಜ ಹೇಳಬೇಕೆಂದರೆ ನಾವೆಲ್ಲರೂ ಹಾಗೆಯೇ ನೋಡುತ್ತಿದ್ದೆವು. ಕೊಪ್ಪಳದವನು ದಾಳದ ಮೇಲೆ ಅಂಗೈ ಇಟ್ಟ.

‘ಬ್ಯಾಡವ್ವಾ. ಅದು ನಿಂದಲ್ಲ, ಎಲ್ಲಾರ್ದು.’

ಹಾಗೆ ನಮ್ಮ ಅಂಕಗಳು 16, 15, 13, 12, 10, 6 ಆದವು. ಡಿಎಂ ಕೂಡಿಸಿ ನೋಡಿ ನಕ್ಕಳು. ಒಟ್ಟು 72. ಪುಸ್ತಕದ ಸಿದ್ಧ ಅಂಕಗಳ ಮೊತ್ತವೂ 72. ಮೂರು ವಾರ ಜಗಳವಾಡಿ ನಾವು ಬಂದು ನಿಂತದ್ದು ಪುಸ್ತಕ ಮೊದಲ ದಿನವೇ ಕೊಟ್ಟಿದ್ದ ಮೊತ್ತಕ್ಕೆ. ಆದರೆ ಪುಸ್ತಕದ ಎಂಟು ಯಾರದೂ ಅಲ್ಲ. ಈ ಆರು ನಮ್ಮದಾಗಿತ್ತು.

ಆರನ್ನು ಎಲ್ಲಿಡುವುದು ಎಂಬುದರಲ್ಲೇ ಒಬ್ಬೊಬ್ಬರ ಪಾತ್ರ ಹುಟ್ಟಿತು. ಕೊಪ್ಪಳದವನು 16ನ್ನೂ ಕುಲದ ಎರಡಂಕವನ್ನೂ ಬುದ್ಧಿಗೆ ಹಾಕಿ, ಆರನ್ನು ಬಲಕ್ಕಿಟ್ಟ. ಇಡೀ ಕುಲದಲ್ಲೇ ಅತಿ ಬುದ್ಧಿವಂತ, ಒಂದು ಬಿಂದಿಗೆ ನೀರು ಎತ್ತಲಾರದ ಓರ್ಕ್. ಮೈಸೂರಿನವನು ವಿವೇಕಕ್ಕಿಟ್ಟ. ಅವನ ಕಳ್ಳ ಯಾರು ಏನು ಹೇಳಿದರೂ ನಂಬುತ್ತಿದ್ದ. ಅರ್ಥಶಾಸ್ತ್ರದವನು ಬುದ್ಧಿಗಿಟ್ಟ. ಅವನ ಯೋಧನಿಗೆ ಓದು ಬಾರದು ಎಂದು ಅವನೇ ತೀರ್ಮಾನಿಸಿಕೊಂಡಿದ್ದ. ಹುಡುಗಿ ವರ್ಚಸ್ಸಿಗಿಟ್ಟಳು. ಅವಳ ಪೂಜಾರಿಣಿ ಹೇಳಿದ್ದೆಲ್ಲ ನಿಜವಾಗುತ್ತಿತ್ತು, ಕೇಳುವವರು ಮಾತ್ರ ಇರುತ್ತಿರಲಿಲ್ಲ. ನಾನು ದೇಹದಾರ್ಢ್ಯಕ್ಕಿಟ್ಟೆ. ನನ್ನ ಹಾಡುಗಾರ್ತಿ ನಾಲ್ಕು ಹೆಜ್ಜೆಗೊಮ್ಮೆ ಕೂತು ಸುಧಾರಿಸಿಕೊಳ್ಳುವವಳು.

ಮೊದಲ ಕೆಲವು ವಾರ ನಾವು ಆ ಆರನ್ನು ಬಚ್ಚಿಟ್ಟುಕೊಂಡೇ ಆಡಿದೆವು. ಬಾಗಿಲು ಒಡೆಯಬೇಕಾದಾಗ ಓರ್ಕ್ ಏನಾದರೂ ನೆಪ ಹೇಳಿ ಹಿಂದೆ ಸರಿಯುತ್ತಿದ್ದ. ಒಂದು ರಾತ್ರಿ ಕಥೆಯಲ್ಲಿ ಸೇತುವೆ ಮುರಿದು ಅವನು ಹಗ್ಗಕ್ಕೆ ಜೋತುಬಿದ್ದ. ಮೇಲೆ ಬರಬೇಕಾದರೆ ಬಲದ ಪರೀಕ್ಷೆ. ಹೆಚ್ಚುವರಿ ಮೈನಸ್ ಎರಡು. ಓದು ಬಾರದ ಯೋಧ ಹಗ್ಗ ಹಿಡಿದ, ಪೂಜಾರಿಣಿ ಯೋಧನ ಸೊಂಟ ಹಿಡಿದಳು, ನಾನು ಹಾಡು ಹೇಳಿದೆ. ಮೇಲೆ ಬಂದ ಓರ್ಕ್ ಆ ದಿನ ರಾತ್ರಿಯೇ ಬೆಂಕಿಯ ಪಕ್ಕ ಕೂತು ಯೋಧನಿಗೆ ಅಕ್ಷರ ಬರೆದು ತೋರಿಸಿದ. ಇದನ್ನು ಡಿಎಂ ಹೇಳಿಕೊಟ್ಟಿರಲಿಲ್ಲ, ಪುಸ್ತಕದಲ್ಲೂ ಇರಲಿಲ್ಲ. ಅಲ್ಲಿಂದ ಮುಂದೆ ಯಾವ ಹೊಸ ಜಾಗಕ್ಕೆ ಹೋದರೂ ನಾವು ಮೊದಲು ಲೆಕ್ಕ ಹಾಕುತ್ತಿದ್ದದ್ದು ಇಲ್ಲಿ ಯಾರ ಆರು ಹೊರಬೀಳಬಹುದು, ಆಗ ಪಕ್ಕದಲ್ಲಿ ಯಾರಿರಬೇಕು ಎಂದು.

ಆ ಮಾತು ಆಟದಿಂದ ಹೊರಗೂ ಬಂತು. ಗೈಡ್ ಹತ್ತಿರ ಬೈಸಿಕೊಂಡು ಬಂದವರು ‘ಇವತ್ತು ನನ್ನ ಆರು ಹೊರಗೆ ಬಿತ್ತು’ ಅನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಸೆಮಿನಾರ್ ಕೊಡುವುದು ಕೊಪ್ಪಳದವನಿಗೆ ಕಷ್ಟವಿತ್ತು. ಮೈಸೂರಿನವನು ನಾಲ್ಕು ರಾತ್ರಿ ಅವನ ಜೊತೆ ಕೂತು ಕೇಳಿಸಿಕೊಂಡ. ಮೈಸೂರಿನವನ ಅಪ್ಪ ಆಸ್ಪತ್ರೆ ಸೇರಿದಾಗ, ಹಿಂದೆಮುಂದೆ ನೋಡದೆ ರಾತ್ರಿ ಬಸ್ಸಿಗೆ ಅವನ ಜೊತೆ ಹೊರಟವನು ಕೊಪ್ಪಳದವನು. ಇದೆಲ್ಲ ಆ ಒಂದು ನಿಯಮದಿಂದ ಆಯಿತು ಎಂದು ನಾನು ಹೇಳುವುದಿಲ್ಲ. ಟೇಬಲ್ಲಿನಿಂದ ಎದ್ದು ಹೋದವನನ್ನು ಮತ್ತೆ ಕರೆದು, ಚಹಾ ತರಿಸಿ, ಯಾರು ಎಲ್ಲಿಂದ ಶುರುಮಾಡಬೇಕು ಎಂದು ಮತ್ತೊಮ್ಮೆ ಮಾತಾಡಿದ್ದರಿಂದ ಆಯಿತು ಎಂದರೆ ಒಪ್ಪುತ್ತೇನೆ.

ಈ ನಿಯಮದಲ್ಲಿ ಕೊರತೆಯೂ ಇದೆ. ಕೊಪ್ಪಳದವನು ಕೇಳಿದ್ದ, ಬಿದ್ದ ಹಾಗೆ ಬದುಕುವ ಆಟ ಇದಲ್ಲ. ಎಲ್ಲರ ಬಳಿಯೂ ಅದೇ ಆರು ಅಂಕ ಇರುವಾಗ ಅದೃಷ್ಟದ ಬೆರಗು ಅರ್ಧ ಹೋಗುತ್ತದೆ ಎಂದು ಅವನು ಕೊನೆಯವರೆಗೂ ಹೇಳುತ್ತಲೇ ಇದ್ದ. ಹೊರಗಿನ ಲೋಕಕ್ಕೆ ಇದನ್ನು ಹಾಗೇ ಹೊತ್ತೊಯ್ಯಲೂ ಆಗದು. ಅಲ್ಲಿ ದಾಳ ಯಾವತ್ತೋ ಬಿದ್ದಾಗಿದೆ, ಎಷ್ಟೋ ತಲೆಮಾರು ಬೇರೆಯವರ ಕೆಟ್ಟ ದಾಳವನ್ನೂ ಹೊತ್ತು ಬಂದವರಿದ್ದಾರೆ. ಅವರಿಗೆ ಇವತ್ತಿನಿಂದ ಎಲ್ಲರಿಗೂ 27 ಎಂದರೆ ಸಾಲುವುದಿಲ್ಲ. ಮಿಲ್ಲರ್ ಸಮಿತಿಯ ವರದಿ ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಅದನ್ನೇ ಎಂದು ನನ್ನ ಓದು.

ಕೊಪ್ಪಳದವನು ಈ ವರ್ಷ ಪ್ರಬಂಧ ಸಲ್ಲಿಸಿ ಊರು ಬಿಟ್ಟ. ನಮ್ಮ ಕಥೆ ಅರ್ಧಕ್ಕೆ ನಿಂತಿದೆ. ಚಿಕ್ಕಮಗಳೂರಿನ ಹುಡುಗಿ ಈಗ ತಾನೇ ಡಿಎಂ ಆಗಿ ಹೊಸದಾಗಿ ಸೇರಿದವರಿಗೆ ಆಟ ನಡೆಸುತ್ತಾಳೆ. ಮೊನ್ನೆ ಹೋಗಿ ನೋಡಿದೆ. ಅವರೂ ಒಬ್ಬೊಬ್ಬರು ಒಂದೊಂದು ಸಲ ದಾಳ ಹಾಕುತ್ತಾರೆ. ಆದರೆ ಅವಳು ಒಂದನ್ನು ಸೇರಿಸಿದ್ದಾಳೆ: ಎಲ್ಲರಿಗಿಂತ ಕಡಿಮೆ ಯಾರಿಗೆ ಬೀಳುತ್ತದೋ, ಕಥೆ ಶುರುವಾಗುವ ಊರಿನ ಹೆಸರನ್ನು ಅವರೇ ಇಡಬೇಕು. ಇದು ಯಾವ ಪುಸ್ತಕದಲ್ಲಿದೆ ಎಂದು ಒಬ್ಬ ಹುಡುಗ ಕೇಳಿದ. ಅವಳು ದಾಳಗಳನ್ನು ಅವನ ಕಡೆ ಸರಿಸುತ್ತ, ‘ನಮ್ಮನೇಲಿ ಹಿಂಗೆ’ ಎಂದಳು.